ನೀರು ಬಿಡ್ತಾರೋ ಇಲ್ವೋ ಅನ್ನೋ ಆತಂಕ ಮೆದುಳಿಗೆ ಏನು ಮಾಡುತ್ತೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ ಆಗಿ ಗೇಟೇ ಕೊಚ್ಕೊಂಡು ಹೋಯ್ತಲ್ಲ, ಅದರ ಮುಂದಿನ ಒಂದು ವಾರ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಇದ್ದವರಿಗೆ ಹೆಂಗಿತ್ತು ಅಂತ ಬಿಡಿಸಿ ಹೇಳೋದೇ ಬೇಕಿಲ್ಲ. ಡ್ಯಾಮ್ ತುಂಬಿತ್ತು, ಭತ್ತದ ನಾಟಿ ನಡೀತಿತ್ತು, ಸಾಲ ತಂದು ಬೀಜ ಗೊಬ್ಬರಕ್ಕೆ ದುಡ್ಡು ಹಾಕಿ ಆಗಿತ್ತು, ಈಗ ಗೇಟ್ ಕೂರಿಸ್ಬೇಕು ಅಂದ್ರೆ ನೀರು ಹೊರಗೆ ಬಿಡಬೇಕು, ಎಷ್ಟು ಬಿಡ್ತಾರೆ ಗೊತ್ತಿಲ್ಲ, ಉಳಿದಿದ್ದು ಒಂದು ಬೆಳೆಗಾದ್ರೂ ಸಾಲುತ್ತಾ ಅದೂ ಗೊತ್ತಿಲ್ಲ. ಕೊನೆಗೆ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟ್ ಇಳಿಸಿ ನೀರು ನಿಲ್ಲಿಸಿದ್ರು, ಆಮೇಲೆ ಮಳೆನೂ ಚೆನ್ನಾಗಿ ಆಗಿ ಡ್ಯಾಮ್ ಮತ್ತೆ ತುಂಬ್ತು.

ಆ ಒಂದು ವಾರದಲ್ಲಿ ಯಾರ ಗದ್ದೆನೂ ಒಣಗಿರ್ಲಿಲ್ಲ, ಯಾರ ಮನೆಗೂ ಬ್ಯಾಂಕಿನವರು ಬಂದಿರ್ಲಿಲ್ಲ, ಆದ್ರೂ ಜನರಿಗೆ ನಿದ್ದೆ ಹೋಯ್ತು, ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ಊಟ ಸೇರ್ಲಿಲ್ಲ, ಮಧ್ಯರಾತ್ರಿ ಎದ್ದು ಮೊಬೈಲಲ್ಲಿ ಡ್ಯಾಮಿನ ಒಳಹರಿವು ಹೊರಹರಿವು ನೋಡ್ತಾ ಕೂತ್ರು. ಇನ್ನೂ ಬಂದೇ ಇಲ್ಲದ ಕಷ್ಟ ಮೈಯನ್ನ ಇಷ್ಟು ಹಿಂಡುತ್ತೆ ಯಾಕೆ? ಕಷ್ಟ ಬಂದ್ಮೇಲೆ ಹೆಂಗೋ ಧೈರ್ಯ ತಗೊಳ್ಳೋ ಅದೇ ಮನುಷ್ಯ ಬರುತ್ತೋ ಇಲ್ವೋ ಅನ್ನೋ ಹೊತ್ತಲ್ಲಿ ಯಾಕೆ ಕುಸೀತಾನೆ? ಇದು ಬರೀ ನಮ್ಮ ಕಡೆಯ ಪ್ರಶ್ನೆ ಅಲ್ಲ, ಭಾವನೆ ಮತ್ತು ಆತಂಕದ ಮೇಲೆ ಕೆಲಸ ಮಾಡೋ ಯೂನಿವರ್ಸಿಟಿ ಲ್ಯಾಬುಗಳು ಮೂವತ್ತು ವರ್ಷದಿಂದ ಹಿಂದೆ ಬಿದ್ದಿರೋದೂ ಹೆಚ್ಚು ಕಡಿಮೆ ಇದೇ ಪ್ರಶ್ನೆಯ ಹಿಂದೆ. ಅಲ್ಲಿ ಏನು ಗೊತ್ತಾಗಿದೆ, ಅದನ್ನ ಬಳ್ಳಾರಿ ರಾಯಚೂರು ಕೊಪ್ಪಳದವರು ಯಾಕೆ ಕಿವಿಗೆ ಹಾಕ್ಕೋಬೇಕು ಅಂತ ಇಲ್ಲಿ ಬರೀತಿದೀನಿ.

ಅಮೆರಿಕದ ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ ಅಲೆಕ್ಸಾಂಡರ್ ಶ್ಯಾಕ್‌ಮನ್ ಅನ್ನೋ ವಿಜ್ಞಾನಿಯ ಲ್ಯಾಬ್ ಒಂದಿದೆ. ಅಲ್ಲಿ ಮಾಡೋ ಒಂದು ಪ್ರಯೋಗ ಹೇಳ್ತೀನಿ. ಒಬ್ಬರನ್ನ ಮೆದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ತೋರಿಸೋ ಎಫ್‌ಎಂಆರ್‌ಐ ಮಷಿನ್ ಒಳಗೆ ಮಲಗಿಸ್ತಾರೆ, ಕಣ್ಣೆದುರು ಸ್ಕ್ರೀನ್ ಮೇಲೆ ನಂಬರ್ ಬರ್ತಾ ಹೋಗುತ್ತೆ. ಕೆಲವು ಸಲ ನಂಬರ್ ಸರಿಯಾಗಿ ಇಳೀತಾ ಬರುತ್ತೆ, ಸೊನ್ನೆಗೆ ಬಂದಾಗ ಕೈಗೆ ಸಣ್ಣದೊಂದು ಶಾಕ್, ಜೊತೆಗೆ ಕೆಟ್ಟ ಫೋಟೋ, ಕೆಟ್ಟ ಸದ್ದು. ಅಂದ್ರೆ ಯಾವಾಗ ಬರುತ್ತೆ ಅಂತ ಗೊತ್ತು. ಇನ್ನು ಕೆಲವು ಸಲ ನಂಬರ್‌ಗಳು ಲೆಕ್ಕ ಇಲ್ಲದೆ ಹೆಂಗ್ ಬೇಕೋ ಹಂಗೆ ಬರ್ತಾವೆ, ಶಾಕ್ ಈ ಕ್ಷಣ ಬರಬಹುದು, ಇನ್ನೊಂದಿಷ್ಟು ಹೊತ್ತು ಬಿಟ್ಟೂ ಬರಬಹುದು. ಶಾಕ್ ಎರಡೂ ಕಡೆ ಒಂದೇ, ಕಾಯೋ ರೀತಿ ಮಾತ್ರ ಬೇರೆ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 99 ಜನ ಹಿಂಗೆ ಮಲಗಿ ಕಾದಿದ್ರು. ಯಾವಾಗ ಅಂತ ಗೊತ್ತಿಲ್ಲದೆ ಕಾಯೋವಾಗ ಅವರ ಭಯ ಜಾಸ್ತಿ, ಮೈ ಬೆವರೋದೂ ಜಾಸ್ತಿ, ಮೆದುಳಿನ ಮುಂಭಾಗದ ದೊಡ್ಡ ದೊಡ್ಡ ಭಾಗಗಳೇ ಆ ಕಾಯೋ ಕೆಲಸಕ್ಕೆ ಇಳಿದಿದ್ವು.

ಇದಕ್ಕಿಂತ ಸರಳವಾದ ಇನ್ನೊಂದು ಪ್ರಯೋಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು, 2016ರದ್ದು. 45 ಜನರಿಗೆ ಕಂಪ್ಯೂಟರ್ ಗೇಮ್ ಕೊಟ್ರು, ಕಲ್ಲು ಕಾಣುತ್ತೆ, ಅದರ ಕೆಳಗೆ ಹಾವು ಇದೆಯಾ ಇಲ್ವಾ ಅಂತ ಹೇಳಬೇಕು, ಹಾವಿದ್ರೆ ಕೈಗೆ ನೋವಾಗೋ ಅಂಥ ಶಾಕ್. ಯಾವ ಕಲ್ಲಿನ ಕೆಳಗೆ ಹಾವಿರೋ ಚಾನ್ಸ್ ಎಷ್ಟು ಅನ್ನೋದು ಆಟ ನಡೀತಾ ನಡೀತಾ ಬದಲಾಗ್ತಾ ಇರುತ್ತೆ. ಜೊತೆಗೆ ಅವರ ಬೆವರು, ಕಣ್ಣಿನ ಪಾಪೆ ದೊಡ್ಡದಾಗೋದು, ಅವರೇ ಬಾಯಲ್ಲಿ ಹೇಳೋ ಟೆನ್ಶನ್ ಎಲ್ಲಾ ಅಳೆದ್ರು. ಟೆನ್ಶನ್ ಎಲ್ಲಕ್ಕಿಂತ ಜಾಸ್ತಿ ಇದ್ದಿದ್ದು ಶಾಕ್ ಗ್ಯಾರಂಟಿ ಅಂತ ಗೊತ್ತಿದ್ದಾಗ ಅಲ್ಲ, ಐವತ್ತಕ್ಕೆ ಐವತ್ತು ಅನ್ನೋ ಸ್ಥಿತಿಲಿದ್ದಾಗ! ನೂರಕ್ಕೆ ನೂರು ನೋವಾಗುತ್ತೆ ಅಂತ ಗೊತ್ತಿದ್ದವನಿಗಿಂತ ಆಗುತ್ತೋ ಇಲ್ವೋ ಅನ್ನೋವನ ಮೈ ಜಾಸ್ತಿ ಬೆಂದಿತ್ತು. ಇನ್ನೊಂದು ವಿಷಯ, ಯಾರ ಟೆನ್ಶನ್ ಈ ಅನಿಶ್ಚಿತತೆಯ ಜೊತೆಗೇ ಏರ್ತಾ ಇಳೀತಾ ಇತ್ತೋ ಅವರೇ ಹಾವು ಎಲ್ಲಿದೆ ಅಂತ ಊಹೆ ಮಾಡೋದ್ರಲ್ಲೂ ಮುಂದಿದ್ರು. ಆತಂಕ ಅನ್ನೋದು ಹೇಡಿತನ ಅಲ್ಲ, ಏನಾಗ್ತಿದೆ ಅಂತ ಬೇಗ ಕಲೀಬೇಕು ಅನ್ನೋ ಮೆದುಳಿನ ಕೆಲಸ ಅದು. ಹಂದಿ ಬಂದ್ರೆ ಓಡಿಸಿ ಬಂದು ಮಲಗೋ ರೈತ, ಹಂದಿ ಬರಬಹುದು ಅನ್ನೋ ಸುದ್ದಿ ಇದ್ದ ರಾತ್ರಿ ಪೂರ್ತಿ ಮಂಚಿಕೆ ಮೇಲೆ ಕಣ್ಣು ಬಿಟ್ಕೊಂಡೇ ಕೂರ್ತಾನಲ್ಲ, ಅದೇ ರೀತಿ. ತೊಂದರೆ ಆಗೋದು ಆ ರಾತ್ರಿ ಮುಗೀದೇ ಇದ್ದಾಗ.

ಈಗ ಮೆದುಳಿನ ಒಳಗೆ ಬರೋಣ. ಅಮಿಗ್ಡಲಾ ಅನ್ನೋ ಹೆಸರು ಈಗ ಯೂಟ್ಯೂಬ್ ನೋಡೋರಿಗೆಲ್ಲ ಗೊತ್ತು, ಭಯದ ಸೆಂಟರ್ ಅಂತ ಹೇಳ್ಬಿಡ್ತಾರೆ, ಬಾದಾಮಿ ಗಾತ್ರದ ಭಾಗ, ಕಿವಿಯ ನೇರಕ್ಕೆ ಮೆದುಳಿನ ಆಳದಲ್ಲಿ ಎರಡೂ ಬದಿಗೆ ಒಂದೊಂದು. ನ್ಯೂಯಾರ್ಕ್ ಯೂನಿವರ್ಸಿಟಿಯ ಜೋಸೆಫ್ ಲೆಡೂ ಇಲಿಗಳ ಮೇಲೆ ಮಾಡಿದ ಕೆಲಸದಿಂದಲೇ ಇದು ಇಷ್ಟು ಫೇಮಸ್ ಆಗಿದ್ದು, ಒಂದು ಸದ್ದು ಕೇಳಿಸಿ ಶಾಕ್ ಕೊಡ್ತಾ ಹೋದ್ರೆ ಆಮೇಲೆ ಬರೀ ಸದ್ದಿಗೇ ಇಲಿ ಮರಗಟ್ಟಿ ನಿಲ್ಲುತ್ತೆ, ಆ ಕಲಿಕೆಗೆ ಅಮಿಗ್ಡಲಾ ಬೇಕೇ ಬೇಕು. ಆದ್ರೆ ಅದೇ ಲೆಡೂ ಆಮೇಲೆ ಎಲ್ಲರಿಗೂ ಹೇಳ್ಕೊಂಡು ಬಂದಿದ್ದು ಏನಂದ್ರೆ, ಅಮಿಗ್ಡಲಾ ಅಪಾಯ ಕಂಡು ಮೈಯನ್ನ ರೆಡಿ ಮಾಡುತ್ತೆ ಸರಿ, ಆದ್ರೆ ನನಗೆ ಭಯ ಆಗ್ತಿದೆ ಅನ್ನೋ ಅನುಭವ ಅದೊಂದರಿಂದಲೇ ಹುಟ್ಟಲ್ಲ, ಅದಕ್ಕೆ ಮೆದುಳಿನ ಬೇರೆ ಭಾಗಗಳೂ ಸೇರಬೇಕು.

ಇದಕ್ಕೆ ಒಂದು ಜೋರು ಸಾಕ್ಷಿ ಇದೆ. ಎಸ್‌ಎಂ ಅಂತ ಬರೀ ಅಕ್ಷರದಿಂದ ಕರೆಯೋ ಒಬ್ಬ ಮಹಿಳೆ, ಅಪರೂಪದ ಕಾಯಿಲೆಯಿಂದ ಆಕೆಯ ಎರಡೂ ಅಮಿಗ್ಡಲಾ ಹಾಳಾಗಿವೆ. ಹಾವು ಜೇಡ ಏನು ತೋರಿಸಿದ್ರೂ ಹೆದರಲ್ಲ, ಹಾರರ್ ಸಿನಿಮಾ ಹಾಕಿದ್ರೂ ಹೆದರಲ್ಲ. ಸರಿ ಹಂಗಾದ್ರೆ ಈಕೆಗೆ ಭಯ ಅನ್ನೋದೇ ಇಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ರು. 2013ರಲ್ಲಿ ಆಕೆಗೂ, ಅದೇ ಕಾಯಿಲೆ ಇರೋ ಅವಳಿ ಸೋದರಿಯರಿಬ್ಬರಿಗೂ ಮಾಸ್ಕ್‌ನಿಂದ 35 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇರೋ ಗಾಳಿ ಒಂದು ಉಸಿರು ಎಳೆಸಿದ್ರು, ಮೂರೂ ಜನಕ್ಕೆ ಗಾಬರಿ ಅಂದ್ರೆ ಗಾಬರಿ, ಪ್ಯಾನಿಕ್ ಅಟ್ಯಾಕೇ ಆಯ್ತು. ಹೊರಗಿನ ಅಪಾಯಕ್ಕೆ ಒಂದು ದಾರಿ, ಮೈ ಒಳಗಿಂದ ಬರೋ ಅಪಾಯದ ಸಿಗ್ನಲ್‌ಗೆ ಇನ್ನೊಂದು ದಾರಿ ಇದೆ ಅಂತಾಯ್ತು. ನಮ್ಮಲ್ಲಿ ಎಷ್ಟೋ ಜನ ಏನೂ ಕಾರಣ ಇಲ್ದೇನೇ ಸುಮ್ನೆ ಕೂತಾಗ ಉಸಿರು ಕಟ್ಟಿದಂಗಾಗಿ ಜೀವ ಹೋಗುತ್ತೆ ಅನ್ಸಿ ರಾತ್ರಿ ಆಸ್ಪತ್ರೆಗೆ ಓಡ್ತಾರಲ್ಲ, ಅವರಿಗೆ ದಯವಿಟ್ಟು ಯಾರೂ ನಿಂದು ನಾಟಕ ಅನ್ನಬೇಡಿ. ಕಾರಣ ಹೊರಗೆ ಕಾಣಲ್ಲ ಅಷ್ಟೇ, ಮೈ ಒಳಗೆ ಇರುತ್ತೆ.

ಲ್ಯಾಬುಗಳಲ್ಲಿ ಇನ್ನೊಂದು ಚರ್ಚೆ ತುಂಬಾ ವರ್ಷ ನಡೀತು. ಕಣ್ಣೆದುರಿನ ಭಯಕ್ಕೆ ಅಮಿಗ್ಡಲಾ, ಮುಂದೇನಾಗುತ್ತೋ ಅನ್ನೋ ಆತಂಕಕ್ಕೆ ಅದರ ಪಕ್ಕದ ಬಿಎನ್‌ಎಸ್‌ಟಿ ಅನ್ನೋ ಚಿಕ್ಕ ಭಾಗ ಅಂತ ಮೈಕೆಲ್ ಡೇವಿಸ್ ಅನ್ನೋರು 1990ರ ದಶಕದಲ್ಲಿ ಇಲಿಗಳ ಪ್ರಯೋಗದಿಂದ ಹೇಳಿದ್ರು. ಚೆನ್ನಾಗಿ ಎರಡು ಖಾನೆ ಮಾಡಿಟ್ಟಂಗೆ ಇತ್ತು, ಪಾಠ ಹೇಳೋಕೂ ಸುಲಭ. ಆದ್ರೆ ಮೇರಿಲ್ಯಾಂಡಿನ ಅಧ್ಯಯನದಲ್ಲಿ ಎರಡೂ ಭಾಗ ಎರಡೂ ಸಂದರ್ಭದಲ್ಲಿ ಕೆಲಸ ಮಾಡೋದು ಕಂಡಿತು, ಗೊತ್ತಿರೋ ಶಾಕ್‌ಗೂ ಗೊತ್ತಿಲ್ಲದ ಶಾಕ್‌ಗೂ. ಅಂದ್ರೆ ಭಯ ಬೇರೆ ಆತಂಕ ಬೇರೆ ಅನ್ನೋ ಗೋಡೆ ಅಷ್ಟು ಗಟ್ಟಿ ಇಲ್ಲ. ಇದರಿಂದ ಸಾಮಾನ್ಯ ಜನಕ್ಕೆ ಏನು ಅಂತ ಕೇಳಬಹುದು. ಆತಂಕಕ್ಕೆ ಇಂಥದೇ ಒಂದು ಬಟನ್ ಇದೆ, ಅದನ್ನ ಆಫ್ ಮಾಡೋ ಒಂದೇ ಗುಳಿಗೆ ಬರುತ್ತೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಂಬಬೇಡಿ, ಅಷ್ಟೇ.

ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ತಾಗಿದ್ದು ದೂರದ ಲ್ಯಾಬ್ ಅಲ್ಲ, ಬೆಂಗಳೂರಿನದೇ. ಅಲ್ಲಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಮತ್ತು ಅವರ ಜೊತೆಗಾರರು ಇಲಿಗಳನ್ನ ದಿನಕ್ಕೆ 2 ಗಂಟೆ ಅಲುಗಾಡೋಕೆ ಆಗದಂಗೆ ಇಟ್ಟು 10 ದಿನ ಹಂಗೇ ಮಾಡಿದ್ರು. 2002ರಲ್ಲಿ ಬಂದ ಆ ಫಲಿತಾಂಶ ಏನಂದ್ರೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಕುಗ್ಗಿದ್ವು, ಆದ್ರೆ ಅಮಿಗ್ಡಲಾದ ಕೋಶಗಳ ಕೊಂಬೆಗಳು ಬೆಳೆದಿದ್ವು. ಒಂದೇ ಕಷ್ಟ, ಒಂದು ಕಡೆ ಸೊರಗಿಸ್ತು, ಇನ್ನೊಂದು ಕಡೆ ಬೆಳೆಸ್ತು. 2004ರಲ್ಲಿ ಇನ್ನೂ ಮುಂದಕ್ಕೆ ಹೋಗಿ ಆ ಇಲಿಗಳಿಗೆ 21 ದಿನ ಆರಾಮ ಕೊಟ್ಟು ನೋಡಿದ್ರೆ ಹಿಪೊಕ್ಯಾಂಪಸ್ ಸರಿ ಹೋಗಿತ್ತು, ಅಮಿಗ್ಡಲಾದಲ್ಲಿ ಬೆಳೆದಿದ್ದು ಹಂಗೇ ಉಳಿದಿತ್ತು, ಇಲಿಯ ಆತಂಕವೂ ಹಂಗೇ ಇತ್ತು. ಮತ್ತೆ 2005ರಲ್ಲಿ, ಬರೀ ಒಂದೇ ಒಂದು ಸಲ 2 ಗಂಟೆ ಕಟ್ಟಿಟ್ರೆ ಮರುದಿನ ಏನೂ ಕಾಣಲ್ಲ, 10 ದಿನ ಆದ್ಮೇಲೆ ಅಮಿಗ್ಡಲಾದಲ್ಲೂ ಬದಲಾವಣೆ, ನಡವಳಿಕೆಯಲ್ಲೂ ಆತಂಕ.

ಇಲಿಗೂ ಮನುಷ್ಯನಿಗೂ ಸಮ ಅಂತ ನೇರ ಹೇಳೋಕಾಗಲ್ಲ, ಅದನ್ನ ಒಪ್ತೀನಿ. ಆದ್ರೂ ಇದು ಓದಿದ್ಮೇಲೆ ನಮ್ಮ ಕಡೆಯ ಎಷ್ಟೋ ಸಂಗತಿಗಳನ್ನ ಬೇರೆ ರೀತಿ ನೋಡ್ಬೇಕು ಅನ್ಸುತ್ತೆ. ನೀರು ಬಂತಲ್ಲ ಇನ್ನೇನು ಚಿಂತೆ, ಸಾಲ ತೀರ್ತಲ್ಲ ಇನ್ಯಾಕೆ ಹಂಗೆ ಮುಖ ಮಾಡ್ಕೊಂಡಿದ್ದಿ ಅಂತ ಮನೆಯವರೇ ರೇಗ್ತಾರೆ. ಕಷ್ಟ ಹೋಗಿರಬಹುದು, ಕಷ್ಟ ಮೆದುಳಲ್ಲಿ ಮಾಡಿಟ್ಟ ಬದಲಾವಣೆ ಅದೇ ದಿನ ಹೋಗಬೇಕು ಅಂತ ಎಲ್ಲಿದೆ?

ಮತ್ತೆ ನಮ್ಮ ಮೂರು ಜಿಲ್ಲೆಗಳ ಬದುಕಲ್ಲಿ ಗೊತ್ತಿಲ್ಲದೆ ಕಾಯೋದು ಅನ್ನೋದು ಎಷ್ಟಿದೆ ನೋಡ್ರಿ. ತುಂಗಭದ್ರಾ ಡ್ಯಾಮ್ 1953ರಲ್ಲಿ ಮುಗಿದಾಗ 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ 105 ಚಿಲ್ಲರೆ. ಅದರಲ್ಲಿ ಆಂಧ್ರ ತೆಲಂಗಾಣದ ಪಾಲೂ ಕೊಡಬೇಕು. ಹಂಗಾಗಿ ಎರಡನೇ ಬೆಳೆಗೆ ನೀರು ಇದೆಯಾ ಅನ್ನೋದು ಪ್ರತಿ ವರ್ಷದ ಪ್ರಶ್ನೆ. ನೀರಾವರಿ ಸಲಹಾ ಸಮಿತಿ, ನಾವು ಐಸಿಸಿ ಅಂತೀವಲ್ಲ, ಆ ಮೀಟಿಂಗ್ ಯಾವಾಗ ಕರೀತಾರೆ, ಯಾವ ತಾರೀಖಿನವರೆಗೂ ನೀರು ಅಂತ ಹೇಳ್ತಾರೆ, ಆನ್ ಆಂಡ್ ಆಫ್ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋದು) ಹಾಕ್ತಾರಾ ಅಂತ ಕಾಯೋದೇ ಒಂದು ಹಂಗಾಮು. ಡ್ಯಾಮಿನ ಪಕ್ಕದ ಮುನಿರಾಬಾದ್ ಹತ್ತಿರ ಇರೋರಿಗೆ ಪರವಾಗಿಲ್ಲ, ಎಡದಂಡೆ ಕಾಲುವೆಯ ಟೇಲ್ ಎಂಡ್‌ನಲ್ಲಿ ಮಾನ್ವಿ, ಸಿರವಾರ, ರಾಯಚೂರು ತಾಲೂಕಿನ ರೈತನಿಗೆ ಮೇಲೆ ನೀರು ಬಿಟ್ಟಾರೆ ಅಂತ ಗೊತ್ತಾದ್ರೂ ತನ್ನ ತೂಬಿಗೆ ಬರುತ್ತಾ ಅಂತ ಗೊತ್ತಿರಲ್ಲ. ಮೇಲಿನವರು ಪಂಪ್‌ಸೆಟ್ ಹಾಕಿ ಎಳ್ಕೊಂಡ್ರೆ ಮುಗೀತು. ನವಲಿ ಹತ್ತಿರ ಸಮಾನಾಂತರ ಜಲಾಶಯ ಮಾಡ್ತೀವಿ ಅನ್ನೋದನ್ನ ಕೇಳ್ಕೊಂಡು ಎಷ್ಟೋ ವರ್ಷ ಆಯ್ತು, ಅದೂ ಆಗುತ್ತೋ ಇಲ್ವೋ ಅನ್ನೋ ಲಿಸ್ಟಿಗೇ ಸೇರ್ಕೊಂಡಿದೆ.

ರೈತರು ಮಾತ್ರ ಅಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ, ಅಕ್ರಮ ನಿಲ್ಲಬೇಕಿತ್ತು ನಿಲ್ತು ಅದರ ಬಗ್ಗೆ ಎರಡು ಮಾತಿಲ್ಲ, ಆದ್ರೆ ಸಂಡೂರು ಹೊಸಪೇಟೆ ಕಡೆ ಕಂತಿನ ಮೇಲೆ ಲಾರಿ ತಗೊಂಡೋರು, ಡ್ರೈವರ್‌ಗಳು, ಕ್ಲೀನರ್‌ಗಳು ಮತ್ತೆ ಶುರುವಾಗುತ್ತಾ ಇಲ್ವಾ ಅಂತ ಗೊತ್ತಿಲ್ಲದೆ ಕಾದ್ರು. ಓದಿದ ಹುಡುಗರ ಕಥೆ ಇನ್ನೊಂದು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದ್ರು, ಅಕ್ರಮ ಹೊರಗೆ ಬಂದು 2022ರಲ್ಲಿ ಅದು ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಆ ಎರಡು ಚಿಲ್ಲರೆ ವರ್ಷ ಧಾರವಾಡದ ರೂಮುಗಳಲ್ಲಿ ಕೂತು ವಯಸ್ಸು ಮೀರುತ್ತೇನೋ ಅಂತ ಲೆಕ್ಕ ಹಾಕಿದ ನಮ್ಮ ರಾಯಚೂರು ಕೊಪ್ಪಳದ ಹುಡುಗರು ಫೇಲ್ ಆಗಿದ್ರೆ ಬೇರೆ ದಾರಿ ನೋಡ್ಕೊಳ್ತಿದ್ರು, ಪಾಸ್ ಆಗಿದ್ರೆ ಊರಿಗೆ ಬರ್ತಿದ್ರು. ಎರಡೂ ಅಲ್ಲದ ಜಾಗದಲ್ಲಿ ನಿಲ್ಲಿಸಿದ್ದು ಇದೆಯಲ್ಲ, ಲಂಡನ್ನಿನ ಆ ಆಟದ ಐವತ್ತು ಪರ್ಸೆಂಟಿನ ಕಲ್ಲು ಅಂದ್ರೆ ಅದೇ.

ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕ್ರಿಶ್ಚಿಯನ್ ಗ್ರಿಲನ್ ಅನ್ನೋರು ಇದನ್ನೇ ಪರೀಕ್ಷೆ ಮಾಡೋಕೆ ಒಂದು ವಿಧಾನ ಮಾಡಿದ್ರು. ಕಣ್ಣಿನ ಕೆಳಗೆ ಸಣ್ಣ ಸೆನ್ಸರ್ ಅಂಟಿಸ್ತಾರೆ, ಇದ್ದಕ್ಕಿದ್ದಂಗೆ ಜೋರು ಸದ್ದು ಮಾಡ್ತಾರೆ, ಬೆಚ್ಚಿ ಬಿದ್ದಾಗ ಕಣ್ಣು ಎಷ್ಟು ಜೋರಾಗಿ ಮಿಟುಕುತ್ತೆ ಅಂತ ಅಳೀತಾರೆ. ಶಾಕ್ ಇಲ್ಲವೇ ಇಲ್ಲ ಅಂದಾಗ ಒಂದು ಸಲ, ಈ ಗುರುತು ಕಂಡಾಗ ಮಾತ್ರ ಶಾಕ್ ಅಂದಾಗ ಒಂದು ಸಲ, ಯಾವಾಗ ಬೇಕಾದ್ರೂ ಶಾಕ್ ಅಂದಾಗ ಒಂದು ಸಲ. ಪ್ಯಾನಿಕ್ ಕಾಯಿಲೆ ಇರೋರಲ್ಲಿ, ದೊಡ್ಡ ಆಘಾತ ಅನುಭವಿಸಿ ಅದರಿಂದ ಹೊರಗೆ ಬರೋಕಾಗದೆ ಇರೋರಲ್ಲಿ ಈ ಮೂರನೇ ಸ್ಥಿತಿಯಲ್ಲಿ ಬೆಚ್ಚೋದು ಉಳಿದವರಿಗಿಂತ ಜಾಸ್ತಿ ಕಂಡಿತು. ಗುರುತು ಕಂಡಾಗ ಶಾಕ್ ಅಂದಾಗ ಅಷ್ಟು ವ್ಯತ್ಯಾಸ ಇಲ್ಲ. ಅಪಾಯ ತಡ್ಕೊಳ್ಳೋ ಶಕ್ತಿ ಇವರಿಗಿಲ್ಲ ಅಂತಲ್ಲ, ಯಾವಾಗ ಅಪಾಯ ಇಲ್ಲ ಅಂತ ಗೊತ್ತಾಗದೆ ಇರೋದು ಇವರನ್ನ ಸುಸ್ತು ಮಾಡುತ್ತೆ. ಮನೆಯಲ್ಲಿ ಕುಡಿದು ಬರೋ ಗಂಡ ಇವತ್ತು ಹೊಡೀತಾನೋ ಸುಮ್ನೆ ಮಲಗ್ತಾನೋ ಅಂತ ಗೊತ್ತಿಲ್ಲದೆ ದಿನಾ ಸಂಜೆ ಕಾಯೋ ಹೆಣ್ಣುಮಕ್ಕಳ ಬಗ್ಗೆ ಯೋಚನೆ ಮಾಡ್ರಿ ಒಂದ್ಸಲ, ಎಷ್ಟೋ ಜನಕ್ಕೆ ತಲೆನೋವು, ಬೆನ್ನುನೋವು, ಸುಸ್ತು ಅಂತ ತಿಂಗಳಾನುಗಟ್ಟಲೆ ಗುಳಿಗೆ ತಿಂದ್ರೂ ಹೋಗದಿರೋ ನೋವು ಎಲ್ಲಿಂದ ಬಂತು ಅಂತ.

ಇನ್ನು ಚಿಕಿತ್ಸೆ ವಿಷಯ. ಇಲ್ಲಿ ನನಗೆ ನಿಜವಾಗ್ಲೂ ಬೇಸರ ಇದೆ. ಎದೆ ಹೊಡ್ಕೊಳ್ಳುತ್ತೆ ಅಂತ ಹೋದ್ರೆ ಇಸಿಜಿ ಮಾಡ್ತಾರೆ, ಮಾಡಲೇಬೇಕು, ಅದು ತಪ್ಪಲ್ಲ. ನಾರ್ಮಲ್ ಬಂದ್ರೆ ಏನಿಲ್ಲಪ್ಪ ಟೆನ್ಶನ್ ಮಾಡ್ಕೋಬೇಡ, ಗ್ಯಾಸ್ ಇರಬೇಕು ಅಂತ ಒಂದು ಇಂಜೆಕ್ಷನ್ನೋ ಗ್ಲೂಕೋಸ್ ಬಾಟಲಿಯೋ ಹಾಕಿ ಕಳಿಸ್ತಾರೆ. ಏನಿಲ್ಲ ಅಂತ ಹೇಳಿಸ್ಕೊಂಡು ಬಂದವನಿಗೆ ಮತ್ತೆ ರಾತ್ರಿ ಅದೇ ಆದಾಗ ಇವರಿಗೆ ಗೊತ್ತಾಗದೆ ಇರೋ ಏನೋ ದೊಡ್ಡ ಕಾಯಿಲೆ ಇದೆ ಅಂತ ಇನ್ನೂ ಗಾಬರಿ. ಅಲ್ಲಿಂದ ಇನ್ನೊಂದು ಆಸ್ಪತ್ರೆ, ಇನ್ನೊಂದು ಸ್ಕ್ಯಾನ್, ಆಮೇಲೆ ತಾಯತ, ಹುಲಿಗೆಮ್ಮನ ಹರಕೆ. ದೇವರ ಹತ್ರ ಹೋಗೋದನ್ನ ನಾನು ಬೇಡ ಅನ್ನಲ್ಲ, ಅಲ್ಲಿ ಮನಸ್ಸಿಗೆ ನಿಜವಾಗ್ಲೂ ಹಗುರ ಆಗುತ್ತೆ, ಡಾಕ್ಟರ್ ಹತ್ರನೂ ಹೋಗ್ರಿ ಅಂತ ಅಷ್ಟೇ ನನ್ನ ಮಾತು.

ಇದರ ಮಧ್ಯೆ ಯಾರೋ ಆಲ್‌ಪ್ರಜೋಲಂ ಬರೆದಿರ್ತಾರೆ, ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತಗೊಂಡು ಬರ್ತಾರೆ. ಅದು ಮೆದುಳಲ್ಲಿ ಗಾಬಾ ಅನ್ನೋ ರಾಸಾಯನಿಕದ ಕೆಲಸ ಹೆಚ್ಚಿಸಿ ಅರ್ಧ ಗಂಟೆ ಒಂದು ಗಂಟೆಯಲ್ಲಿ ಗಾಬರಿ ಇಳಿಸುತ್ತೆ, ಅದಕ್ಕೇ ಜನಕ್ಕೆ ಅದು ಇಷ್ಟ, ಅದಕ್ಕೇ ಅಪಾಯನೂ. ದಿನಾ ತಗೊಂಡ್ರೆ ಅಭ್ಯಾಸ ಆಗುತ್ತೆ, ದಿಢೀರ್ ಅಂತ ಬಿಟ್ರೆ ನಿದ್ದೆ ಇಲ್ಲ, ನಡುಕ, ಫಿಟ್ಸ್ ತನಕ ಹೋಗಬಹುದು. ನಮ್ಮ ರಾಯಚೂರು ಗಡಿ ದಾಟಿದ್ರೆ ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆ ಸೇಂದಿ ಮೇಲೆ ದಾಳಿ ಮಾಡಿ ನಿಲ್ಲಿಸಿದಾಗ ಅದಕ್ಕೆ ಬೆರೆಸ್ತಿದ್ದ ಇಂಥ ಔಷಧಿಗಳಿಗೆ ಒಗ್ಗಿಹೋಗಿದ್ದ ಜನ ಹುಚ್ಚು ಹಿಡಿದೋರಂಗಾಗಿ ಆಸ್ಪತ್ರೆ ಸೇರಿದ್ರು. ಆತಂಕಕ್ಕೆ ದೀರ್ಘಕಾಲಕ್ಕೆ ಬಳಸೋ ಎಸ್‌ಎಸ್‌ಆರ್‌ಐ ಗುಳಿಗೆಗಳು ಬೇರೆ, ಅವು ಕೆಲಸ ಶುರು ಮಾಡೋಕೆ ವಾರಗಳು ಬೇಕು, ಮೊದಮೊದಲು ಸ್ವಲ್ಪ ಕಸಿವಿಸಿನೂ ಆಗುತ್ತೆ, ಇದನ್ನ ಯಾರೂ ಕೂರಿಸಿ ಹೇಳದೇ ಇರೋದ್ರಿಂದ ನಾಲ್ಕು ದಿನ ತಗೊಂಡು ಬಿಸಾಕ್ತಾರೆ.

ಗುಳಿಗೆ ಇಲ್ಲದ ಚಿಕಿತ್ಸೆನೂ ಇದೆ, ಅದರ ಬೇರು ಮತ್ತೆ ಲ್ಯಾಬ್‌ನಲ್ಲೇ ಇದೆ. ಸದ್ದಿಗೆ ಹೆದರೋದು ಕಲಿತ ಇಲಿಗೆ ಶಾಕ್ ಇಲ್ಲದೆ ಬರೀ ಸದ್ದು ಕೇಳಿಸ್ತಾ ಹೋದ್ರೆ ಭಯ ಇಳಿಯುತ್ತೆ. ಆದ್ರೆ ಹಳೇ ಭಯ ಅಳಿಸಿ ಹೋಗಿರಲ್ಲ, ಈಗ ಏನೂ ಆಗಲ್ಲ ಅನ್ನೋ ಹೊಸ ಪಾಠ ಅದರ ಪಕ್ಕ ಸೇರಿರುತ್ತೆ, ಮೆದುಳಿನ ಮುಂಭಾಗದ ಪ್ರಿಫ್ರಂಟಲ್ ಕಾರ್ಟೆಕ್ಸ್ ಅಮಿಗ್ಡಲಾವನ್ನ ಹಿಡಿತದಲ್ಲಿ ಇಟ್ಕೊಳ್ಳೋದು ಕಲಿಯುತ್ತೆ. ಆ ಇಲಿಯನ್ನ ಬೇರೆ ಜಾಗಕ್ಕೆ ಒಯ್ದು ಸದ್ದು ಕೇಳಿಸಿದ್ರೆ ಹಳೇ ಭಯ ಮತ್ತೆ ಎದ್ದು ಬರೋದು ಅದಕ್ಕೇ. ಹೆದರೋ ಜಾಗಕ್ಕೆ, ಹೆದರೋ ಕೆಲಸಕ್ಕೆ ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ, ಬೇರೆ ಬೇರೆ ಕಡೆ, ಜೊತೆಗೆ ಒಬ್ಬರು ನಿಂತು ಹೋಗಿಸೋ ಥೆರಪಿ ಇದರ ಮೇಲೇ ನಿಂತಿದೆ. ವಾಪಸ್ ಬಂತು ಅಂದ್ರೆ ಸೋತಂಗಲ್ಲ, ಇನ್ನಷ್ಟು ಅಭ್ಯಾಸ ಬೇಕು ಅಂತ. ತೊಂದರೆ ಏನಂದ್ರೆ ಇದಕ್ಕೆ ಕೂತು ಮಾತಾಡೋ ಮನುಷ್ಯ ಬೇಕು, ವಾರಕ್ಕೊಂದು ಸಲ ಆದ್ರೂ ಬೇಕು, ತಾಲೂಕಿಗೆ ಒಬ್ಬರಾದ್ರೂ ಬೇಕು.

ಇಂಥದ್ದು ಆಗುತ್ತಾ ಅಂತ ಕೇಳೋರಿಗೆ ಬಳ್ಳಾರಿ ಜನ ತಲೆ ಎತ್ತಿ ಹೇಳ್ಬೋದಾದ ವಿಷಯ ಒಂದಿದೆ, ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಬಳ್ಳಾರಿಯಲ್ಲಿ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆ ಆರಿಸ್ಕೊಂಡ್ರು, ಆಗ ಹೊಸಪೇಟೆ ಕೂಡ್ಲಿಗಿ ಹಡಗಲಿ ಎಲ್ಲಾ ಇದೇ ಜಿಲ್ಲೆ. ದೊಡ್ಡ ಮಾನಸಿಕ ಆಸ್ಪತ್ರೆ ಕಟ್ಟೋದು ಬಿಟ್ಟು, ಇರೋ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಊರೂರು ತಿರುಗೋ ಆರೋಗ್ಯ ಕಾರ್ಯಕರ್ತರಿಗೆ ಸಣ್ಣ ಅವಧಿಯ ತರಬೇತಿ ಕೊಟ್ರು, ಬೇಕಾದ ಔಷಧಿ ಅಲ್ಲೇ ಸಿಗೋ ಹಂಗೆ ಮಾಡಿದ್ರು, ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯ ಬೆನ್ನಿಗಿದ್ರು. ಜನ ಬೆಂಗಳೂರಿಗೆ ಹೋಗೋದು ಬಿಟ್ಟು ತಮ್ಮ ಹತ್ತಿರದ ಆಸ್ಪತ್ರೆಗೇ ಬಂದ್ರು. ಇದನ್ನೇ ಬಳ್ಳಾರಿ ಮಾದರಿ ಅಂತ ಕರೆದು 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೆ ತಗೊಂಡು ಹೋಯ್ತು.

ಆದ್ರೆ ಆಗ ಮುಖ್ಯ ಗಮನ ಇದ್ದಿದ್ದು ತೀವ್ರ ಮಾನಸಿಕ ಕಾಯಿಲೆ ಮತ್ತು ಮೂರ್ಛೆ ರೋಗದ ಮೇಲೆ, ಅದು ಆ ಕಾಲಕ್ಕೆ ಸರಿಯಾಗೇ ಇತ್ತು, ಸರಪಳಿ ಹಾಕಿ ಕಟ್ಟಿಟ್ಟವರನ್ನ ಮೊದಲು ಬಿಡಿಸಬೇಕಲ್ಲ. ಆತಂಕ ಹಿಂದೆ ಉಳೀತು. ಈಗ ಲೆಕ್ಕ ನೋಡಿದ್ರೆ 2017ರಲ್ಲಿ ದೇಶದಲ್ಲಿ ಸುಮಾರು 4.5 ಕೋಟಿ ಜನಕ್ಕೆ ಆತಂಕದ ಕಾಯಿಲೆ ಇತ್ತು ಅಂತ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಅಂದಾಜು ಹೇಳುತ್ತೆ, ಪ್ರಪಂಚದಲ್ಲಿ ಇಂಥವರಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಯಾವುದಾದ್ರೂ ಚಿಕಿತ್ಸೆ ಸಿಗುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸ್ತು, ಆ ಹನ್ನೆರಡರಲ್ಲಿ ಕರ್ನಾಟಕ ಇರ್ಲಿಲ್ಲ! ದೇಶಕ್ಕೆ ಮಾದರಿ ಕೊಟ್ಟ ಜಿಲ್ಲೆ ಆ ಲೆಕ್ಕದಲ್ಲಿ ಸೇರ್ಲೇ ಇಲ್ಲ.

ದಾರಿಗಳು ಪೂರ್ತಿ ಇಲ್ಲ ಅಂತಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ ಮಾಡಿದಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದ್ರೆ ದಿನದ ಯಾವ ಹೊತ್ತಲ್ಲಾದ್ರೂ ಸಿಗ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಳ್ಳಾರಿಯಲ್ಲಿ ನಾವು ಇನ್ನೂ ವಿಮ್ಸ್ ಅಂತಲೇ ಕರೆಯೋ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಇವೆಲ್ಲ ಬಳಸ್ಕೋಬೇಕು, ನಿಮಗೆ ಗೊತ್ತಿರೋರಿಗೆ ಹೇಳಲೂ ಬೇಕು.

ಆದ್ರೆ ನನ್ನ ಮುಖ್ಯ ಮಾತು ಆಸ್ಪತ್ರೆ ಹೊರಗಿನದು. ಲ್ಯಾಬ್‌ಗಳು ಹೇಳ್ತಿರೋದು ನಿಜ ಆಗಿದ್ರೆ, ಗೊತ್ತಿಲ್ಲದೆ ಕಾಯಿಸೋದೇ ಒಂದು ಏಟು. ಆ ಏಟು ಕೊಡೋ ಅಥವಾ ತಪ್ಪಿಸೋ ಅಧಿಕಾರ ಡಾಕ್ಟರ್ ಕೈಲಿಲ್ಲ, ಮೀಟಿಂಗ್ ಕರೆಯೋರ ಕೈಲಿದೆ, ಪರೀಕ್ಷೆ ತಾರೀಖು ಹಾಕೋರ ಕೈಲಿದೆ, ಕೂಲಿ ಯಾವತ್ತು ಜಮಾ ಆಗುತ್ತೆ ಅಂತ ಹೇಳೋರ ಕೈಲಿದೆ. ಮಳೆ ಎಷ್ಟು ಬರುತ್ತೆ ಅಂತ ಐಸಿಸಿ ಹೇಳೋಕಾಗಲ್ಲ, ಯಾರಿಗೂ ಆಗಲ್ಲ. ಆದ್ರೆ ಇಂಥ ದಿನ ತೀರ್ಮಾನ ಹೇಳ್ತೀವಿ, ಡ್ಯಾಮಲ್ಲಿ ಇಷ್ಟಿದ್ರೆ ಎರಡನೇ ಬೆಳೆಗೆ ಇಷ್ಟು ದಿನ, ಇಷ್ಟಿದ್ರೆ ಬರೀ ಕುಡಿಯೋಕೆ ಅಂತ ಮೊದಲೇ ಬರೆದು ಊರೂರಿಗೆ ಹಾಕಬಹುದು, ಟೇಲ್ ಎಂಡ್‌ನಲ್ಲಿ ಯಾವ ತೂಬಿಗೆ ಯಾವ ವಾರ ಅಂತ ಹೇಳಿ ಅದನ್ನ ನಡೆಸ್ಕೊಡಬಹುದು. ನೀರಿಲ್ಲ ಅಂತಾದ್ರೂ ಬೇಗ ಹೇಳಿದ್ರೆ ರೈತ ಜೋಳನೋ ಕಡಲೆನೋ ಹಾಕ್ಕೊಳ್ತಾನೆ, ಇಲ್ಲ ಬೆಂಗಳೂರು ದಾರಿ ಹಿಡೀತಾನೆ. ಕೆಟ್ಟ ಸುದ್ದಿ ಬೇಗ ಹೇಳಿದ್ರೆ ಜನ ಗಲಾಟೆ ಮಾಡ್ತಾರೆ ಅಂತ ಅಧಿಕಾರಿಗಳು ಕೊನೆ ತನಕ ಎಳೀತಾರೆ. ಆ ಎಳೆದ ಒಂದೊಂದು ವಾರಕ್ಕೂ ಮೈಗೆ ಬೀಳೋ ಲೆಕ್ಕ ಇದೆ ಅಂತ ಅವರು ತಿಳ್ಕೋಬೇಕು.

ಒಂದು ಎಚ್ಚರಿಕೆನೂ ಹೇಳಬೇಕು. ಲ್ಯಾಬ್‌ನ ಶಾಕ್ ಒಂದು ಕ್ಷಣದ್ದು, ಬೇಡ ಅಂದ್ರೆ ಎದ್ದು ಹೋಗಬಹುದು, ಮಲಗೋರು ಹೆಚ್ಚಿನವರು ಕಾಲೇಜು ಓದೋ ವಯಸ್ಸಿನ ಅಲ್ಲಿನ ಜನ. ಐದು ಎಕರೆ, ಖಾಸಗಿ ಸಾಲ, ಮದುವೆಗೆ ಬಂದ ಮಗಳು, ಹಿಂಗೆ ಹಂಗಾಮುಗಟ್ಟಲೆ ಎಳೆಯೋ ಕಾಯುವಿಕೆ ಮೆದುಳಿಗೆ ಏನು ಮಾಡುತ್ತೆ ಅಂತ ಆ ಮಷಿನ್ ಒಳಗೆ ಮಲಗಿಸಿ ಗೊತ್ತಾಗಲ್ಲ. ಅದಕ್ಕೇ ಆ ಅಧ್ಯಯನ ಇಲ್ಲೇ ಆಗಬೇಕು ಅಂತ ನಾನು ಹೇಳ್ತಿರೋದು. ಕೋಟಿಗಟ್ಟಲೆ ಮಷಿನ್ ಬೇಕಿಲ್ಲ. ಜಿಎಡಿ-7 ಅಂತ ಏಳೇ ಏಳು ಪ್ರಶ್ನೆಯ ಪಟ್ಟಿ ಇದೆ, ಕಳೆದ ಎರಡು ವಾರದಲ್ಲಿ ಎಷ್ಟು ಸಲ ಚಿಂತೆ ತಡೆಯೋಕಾಗ್ಲಿಲ್ಲ, ಏನೋ ಕೆಟ್ಟದಾಗುತ್ತೆ ಅಂತ ಎಷ್ಟು ಸಲ ಹೆದರಿಕೆ ಆಯ್ತು ಅಂತ ಕೇಳುತ್ತೆ, ಕನ್ನಡದಲ್ಲೂ ಇದೆ, 21ಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ವಿಚಾರಿಸಬೇಕು ಅಂತ ಅರ್ಥ. ಎಂಜಲಿನಲ್ಲಿ ಕಾರ್ಟಿಸೋಲ್ ಅನ್ನೋ ಟೆನ್ಶನ್ ಹಾರ್ಮೋನ್ ನೋಡಬಹುದು, ಬೆರಳಿಗೆ ಹಾಕೋ ಸೆನ್ಸರ್‌ನಿಂದ ಬೆವರು ಅಳೀಬಹುದು. ಒಂದೇ ಎಡದಂಡೆ ಕಾಲುವೆ, ಮೇಲೆ ಗಂಗಾವತಿ ಕಡೆಯ ನಾಲ್ಕು ಊರು, ಕೆಳಗೆ ಮಾನ್ವಿ ಕಡೆಯ ನಾಲ್ಕು ಊರು. ಐಸಿಸಿ ಮೀಟಿಂಗಿಗೆ ಒಂದು ತಿಂಗಳು ಮುಂಚೆ ಒಂದು ಸಲ ಹೋಗಿ ಕೇಳ್ರಿ, ತೀರ್ಮಾನ ಹೊರಗೆ ಬಿದ್ದ ವಾರ ಇನ್ನೊಂದು ಸಲ ಕೇಳ್ರಿ, ನೀರು ಸಿಕ್ಕವರನ್ನೂ ಸಿಗದವರನ್ನೂ. ನೀರಿಲ್ಲ ಅಂತ ಗೊತ್ತಾದವರ ಅಂಕ ಇನ್ನೂ ಗೊತ್ತಾಗದೆ ಕೂತವರಿಗಿಂತ ಕಮ್ಮಿ ಬರುತ್ತಾ ಅಂತ ನೋಡ್ರಿ. ಮೂರು ಮೆಡಿಕಲ್ ಕಾಲೇಜಿನ ಪಿಜಿ ವಿದ್ಯಾರ್ಥಿಗಳು, ಆ ಊರುಗಳ ಆಶಾ ಕಾರ್ಯಕರ್ತೆಯರು ಸೇರಿದ್ರೆ ಒಂದು ಹಂಗಾಮಿನಲ್ಲಿ ಆಗೋ ಕೆಲಸ ಇದು, ಮುಂದಿನ ಐಸಿಸಿ ಮೀಟಿಂಗಿಗೆ ಆ ಲೆಕ್ಕವನ್ನೇ ಒಯ್ದು ಟೇಬಲ್ ಮೇಲೆ ಇಡಬಹುದು.